ರಾಹುವಿಗೆ ಸಿಕ್ಕ ಪಾಲು

ಪಟ್ಟದಕಲ್ಲಿನ ದೇವಾಲಯಗಳ ನಡುವೆ ಒಂದು ಶಾಸನಸ್ತಂಭವಿದೆ. ಬಾದಾಮಿ ಚಾಲುಕ್ಯರ ಕೊನೆಯ ದೊರೆ ಎರಡನೆಯ ಕೀರ್ತಿವರ್ಮನ ಕಾಲದ್ದು. ಸಂಸ್ಕೃತದ ಒಂದೇ ಪಾಠವನ್ನು ಅದರ ಮೇಲೆ ಎರಡು ಲಿಪಿಗಳಲ್ಲಿ ಕೆತ್ತಿಸಿದ್ದಾರೆ: ಉತ್ತರದವರಿಗೆ ಸಿದ್ಧಮಾತೃಕೆ, ಇಲ್ಲಿನವರಿಗೆ ಹಳಗನ್ನಡ ಲಿಪಿ. ದಾನ ಕೊಟ್ಟದ್ದು ಸೂರ್ಯಗ್ರಹಣದ ದಿನ ಎಂಬ ಮಾತು ಅದರಲ್ಲಿದೆ. ಆ ದಿನ ಕ್ರಿ.ಶ. 754ರ ಜೂನ್ 25 ಎಂದು ವಿದ್ವಾಂಸರು ಲೆಕ್ಕ ಹಾಕಿ ಗುರುತಿಸಿದ್ದಾರೆ.

ಇದೇನೂ ಅಪರೂಪದ ಶಾಸನವಲ್ಲ. ಸೂರ್ಯಗ್ರಹಣದಲ್ಲಿ, ಸೋಮಗ್ರಹಣದಲ್ಲಿ ಕಾಲು ತೊಳೆದು ಧಾರೆಯೆರೆದು ಭೂಮಿ ಕೊಟ್ಟ ಸಂಗತಿ ಕನ್ನಡ ನಾಡಿನ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಗ್ರಹಣಕಾಲದ ದಾನಕ್ಕೆ ಹೆಚ್ಚಿನ ಪುಣ್ಯ ಎಂಬುದು ಕೊಡುವವರ ನಂಬಿಕೆ. ಆದರೆ ದಾನಕ್ಕೆ ಸಿದ್ಧತೆ ಬೇಕು, ಬ್ರಾಹ್ಮಣರನ್ನು ಕರೆಸಬೇಕು, ಹೊಲದ ಎಲ್ಲೆ ಗೊತ್ತುಮಾಡಬೇಕು. ಸೂರ್ಯ ಕಪ್ಪಾದ ಮೇಲೆ ಇದನ್ನೆಲ್ಲ ಶುರುಮಾಡಲಾಗದು. ಗ್ರಹಣ ಯಾವ ಅಮಾವಾಸ್ಯೆಗೆ, ಎಷ್ಟು ಗಳಿಗೆಗೆ ಎಂದು ಮೊದಲೇ ಹೇಳಬಲ್ಲ ಜೋಯಿಸ ರಾಜನಿಗೆ ಬೇಕಿದ್ದ. ಅಂದರೆ ನಂಬಿಕೆಯೇ ಗಣಿತವನ್ನು ಕೂರಿಸಿ ಅನ್ನ ಹಾಕಿತು. ಇಂದು ಬೆಂಗಳೂರಿನ ಖಗೋಳವಿಜ್ಞಾನಿ ಬಿ.ಎಸ್. ಶೈಲಜಾ ಅಂಥವರು ಇದೇ ಶಾಸನಗಳನ್ನು ಓದಿ ಹಳೆಯ ಗ್ರಹಣಗಳ ಪಟ್ಟಿ ಕಟ್ಟಿದ್ದಾರೆ. ಪುಣ್ಯಕ್ಕಾಗಿ ಕೆತ್ತಿಸಿದ ಸಾಲು ಸಾವಿರ ವರ್ಷಗಳ ನಂತರ ವಿಜ್ಞಾನಕ್ಕೆ ಸಾಕ್ಷಿಯಾಗಿದೆ.

ಧರ್ಮಶ್ರದ್ಧೆ ಮತ್ತು ವಿಜ್ಞಾನ ಒಂದೇ ತಲೆಯಲ್ಲಿ ಒಟ್ಟಿಗೆ ಬಾಳಬಲ್ಲವೇ ಎಂಬ ಪ್ರಶ್ನೆ ಬಂದಾಗ ಸಾಮಾನ್ಯವಾಗಿ ಗೆಲಿಲಿಯೋ ಹೆಸರು ಮೊದಲು ಬರುತ್ತದೆ. ಆದರೆ ಆ ಪ್ರಶ್ನೆಯನ್ನು ಗೆಲಿಲಿಯೋಗಿಂತ ಸಾವಿರ ವರ್ಷ ಮೊದಲೇ ಈ ದೇಶ ಎದುರಿಸಿತ್ತು, ಅದೂ ಲಿಖಿತ ದಾಖಲೆಯ ಸಮೇತ. ಆ ವಾದವೆಲ್ಲ ಸುತ್ತಿದ್ದು ಒಬ್ಬನ ಸುತ್ತ. ಅವನು ರಾಹು, ಸೂರ್ಯಚಂದ್ರರನ್ನು ನುಂಗಿ ಗ್ರಹಣ ಉಂಟುಮಾಡುತ್ತಾನೆ ಎಂದು ಪುರಾಣ ಹೇಳುವ ಅಸುರ.

499ರಲ್ಲಿ, ತನ್ನ 23ನೆಯ ವಯಸ್ಸಿನಲ್ಲಿ ಆರ್ಯಭಟ ಬರೆದ ‘ಆರ್ಯಭಟೀಯ’ದಲ್ಲಿ ಗ್ರಹಣದ ವಿಷಯ ನೇರವಾಗಿದೆ. ಚಂದ್ರ ಸೂರ್ಯನನ್ನು ಮುಚ್ಚುತ್ತಾನೆ, ಭೂಮಿಯ ದೊಡ್ಡ ನೆರಳು ಚಂದ್ರನನ್ನು ಮುಚ್ಚುತ್ತದೆ. ಆ ನೆರಳು ಎಷ್ಟು ಉದ್ದ, ಚಂದ್ರನಿರುವ ದೂರದಲ್ಲಿ ಅದರ ಅಗಲ ಎಷ್ಟು ಎಂಬುದಕ್ಕೆ ಸೂತ್ರವನ್ನೂ ಅವನು ಕೊಟ್ಟಿದ್ದಾನೆ. ರಾಹುವಿಗೆ ಅಲ್ಲಿ ಕೆಲಸವಿಲ್ಲ.

ಮುಂದಿನ ಶತಮಾನದಲ್ಲಿ ಬಂದ ವರಾಹಮಿಹಿರ ದೊಡ್ಡ ದೈವಭಕ್ತ, ಶಕುನ ಫಲಗಳ ಬಗ್ಗೆ ಅಧ್ಯಾಯಗಟ್ಟಲೆ ಬರೆದವನು. ಆದರೂ ‘ಬೃಹತ್ಸಂಹಿತೆ’ಯ ರಾಹುಚಾರ ಅಧ್ಯಾಯದಲ್ಲಿ ಅವನು ಎತ್ತುವ ಪ್ರಶ್ನೆಗಳು ಇವತ್ತಿನ ವಿಜ್ಞಾನದ ಮೇಷ್ಟ್ರಿಗೂ ಹಿಡಿಸುವಂಥವು. ರಾಹುವಿಗೆ ದೇಹವಿದ್ದು ಗೊತ್ತಾದ ವೇಗದಲ್ಲಿ ಚಲಿಸುತ್ತಾನೆ ಎಂದಾದರೆ, ತನ್ನಿಂದ ಅರ್ಧ ಆಕಾಶದಷ್ಟು ದೂರವಿರುವ ಸೂರ್ಯಚಂದ್ರರನ್ನು ಹಿಡಿಯುವುದು ಹೇಗೆ? ಅವನ ಚಲನೆಗೆ ನೇಮವಿಲ್ಲ ಎಂದಾದರೆ, ಗಣಿತಕ್ಕೆ ಅವನು ಸಿಗುವುದು ಹೇಗೆ? ವರಾಹಮಿಹಿರ ಕಣ್ಣಿಗೆ ಕಾಣುವ ಸಾಕ್ಷ್ಯವನ್ನೂ ಮುಂದಿಡುತ್ತಾನೆ. ಅರ್ಧ ಮುಚ್ಚಿದ ಚಂದ್ರನ ಕೋಡುಗಳು ಮೊಂಡು, ಅರ್ಧ ಮುಚ್ಚಿದ ಸೂರ್ಯನ ಕೋಡುಗಳು ಚೂಪು. ಯಾಕೆಂದರೆ ಚಂದ್ರನನ್ನು ಮುಚ್ಚುವ ವಸ್ತು ದೊಡ್ಡದು, ಸೂರ್ಯನನ್ನು ಮುಚ್ಚುವುದು ಚಿಕ್ಕದು. ಭೂಮಿಯ ನೆರಳು ಚಂದ್ರಬಿಂಬದ ಎರಡೂವರೆ ಪಟ್ಟಿಗಿಂತ ಅಗಲ ಎಂದು ಇಂದು ಗೊತ್ತಿರುವುದರಿಂದ ಆ ಮಾತು ಎಷ್ಟು ಸರಿ ಎಂಬುದು ತಿಳಿಯುತ್ತದೆ. ಇನ್ನೂ ಒಂದಿದೆ: ಚಂದ್ರಗ್ರಹಣದಲ್ಲಿ ಸ್ಪರ್ಶ ಪೂರ್ವದ ಅಂಚಿನಲ್ಲಿ, ಸೂರ್ಯಗ್ರಹಣದಲ್ಲಿ ಪಶ್ಚಿಮದ ಅಂಚಿನಲ್ಲಿ. ನುಂಗುವವನು ಒಬ್ಬನೇ ಆಗಿದ್ದರೆ ಎರಡು ಬಗೆಯ ಅಭ್ಯಾಸ ಯಾಕೆ?

ಇಷ್ಟೆಲ್ಲ ಹೇಳಿ, ಗ್ರಹಣಕ್ಕೆ ರಾಹು ಕಾರಣನಲ್ಲ ಎಂದು ತೀರ್ಮಾನಿಸಿದ ಮೇಲೆ ವರಾಹಮಿಹಿರ ಪುರಾಣವನ್ನು ಕಸದ ಬುಟ್ಟಿಗೆ ಹಾಕುವುದಿಲ್ಲ. ಗ್ರಹಣದ ಹೊತ್ತಿನಲ್ಲಿ ಜನ ಮಾಡುವ ಹೋಮ, ದಾನಗಳಲ್ಲಿ ನಿನಗೊಂದು ಪಾಲು ಸಿಗಲಿ ಎಂದು ಬ್ರಹ್ಮ ರಾಹುವಿಗೆ ವರ ಕೊಟ್ಟಿದ್ದಾನೆ, ಆ ಪಾಲಿಗಾಗಿ ಅವನು ಆಗ ಅಲ್ಲಿರುತ್ತಾನೆ ಎನ್ನುತ್ತಾನೆ. ರಾಹುವಿಗೆ ಪಾಲು ಸಿಕ್ಕಿತು, ಅಧಿಕಾರ ಹೋಯಿತು. ಆಕಾಶದಲ್ಲಿ ಏನಾಗುತ್ತದೆ ಎಂಬುದನ್ನು ನೆರಳು ಹೇಳಲಿ, ಆಗ ಮನುಷ್ಯ ಏನು ಮಾಡಬೇಕು ಎಂಬುದನ್ನು ಶ್ರದ್ಧೆ ಹೇಳಲಿ. ಧರ್ಮ ಮತ್ತು ವಿಜ್ಞಾನದ ನಡುವೆ ಇಷ್ಟು ಸ್ವಚ್ಛವಾದ ಒಪ್ಪಂದ ಅಷ್ಟು ಹಿಂದೆಯೇ ಆಗಿತ್ತು ಎಂಬುದು ಹೆಮ್ಮೆಪಡಬೇಕಾದ ಸಂಗತಿ.

ಒಪ್ಪಂದ ಬಹಳ ಕಾಲ ಉಳಿಯಲಿಲ್ಲ. 628ರಲ್ಲಿ ಬ್ರಹ್ಮಗುಪ್ತ ‘ಬ್ರಾಹ್ಮಸ್ಫುಟಸಿದ್ಧಾಂತ’ ಬರೆದ. ಸೊನ್ನೆಯ ಜೊತೆ ಕೂಡಿ ಕಳೆಯುವ ನಿಯಮಗಳನ್ನು ಬರೆದಿಟ್ಟ ಮಹಾಗಣಿತಜ್ಞ ಅವನು. ಗ್ರಹಣವನ್ನು ಅವನು ಲೆಕ್ಕ ಹಾಕುವುದು ಭೂಮಿಯ ನೆರಳಿನ ಅಳತೆಯಿಂದಲೇ. ಆದರೆ ಅದೇ ಗ್ರಂಥದಲ್ಲಿ ಆರ್ಯಭಟ, ವರಾಹಮಿಹಿರ ಮೊದಲಾದವರ ಹೆಸರು ಹಿಡಿದು ಆಕ್ಷೇಪಿಸುತ್ತಾನೆ. ರಾಹು ಕಾರಣನಲ್ಲ ಎಂದರೆ ವೇದಕ್ಕೂ ಸ್ಮೃತಿಗೂ ವಿರುದ್ಧವಾಯಿತು, ಗ್ರಹಣಸ್ನಾನಕ್ಕೂ ದಾನಕ್ಕೂ ಫಲವಿಲ್ಲವೆಂದಾಯಿತು, ಲೋಕ ಒಪ್ಪಿದ್ದಕ್ಕೆ ಅಡ್ಡ ನಿಂತಂತಾಯಿತು ಎಂಬುದು ಅವನ ವಾದ. ಕೊನೆಗೆ ರಾಹು ನೆರಳಿನೊಳಗೆ ಹೊಕ್ಕು ಚಂದ್ರನನ್ನು ಮುಚ್ಚುತ್ತಾನೆ ಎಂದು ಎರಡನ್ನೂ ಹೊಲಿಯುತ್ತಾನೆ.

ನಾಲ್ಕು ಶತಮಾನಗಳ ನಂತರ, 1030ರ ಸುಮಾರಿಗೆ, ಇದನ್ನು ಓದಿ ಸಂಕಟಪಟ್ಟವನು ಒಬ್ಬ ಮುಸ್ಲಿಂ ವಿದ್ವಾಂಸ. ಘಜ್ನಿ ಮಹಮೂದನ ಕಾಲದಲ್ಲಿ ಸಂಸ್ಕೃತ ಕಲಿತು ಭಾರತದ ಬಗ್ಗೆ ಮಹಾಗ್ರಂಥ ಬರೆದ ಅಲ್ ಬಿರೂನಿ. ಇಷ್ಟು ತಿಳಿದವನು ಹೀಗೇಕೆ ಬರೆದ ಎಂದು ಅವನು ಕೇಳುತ್ತಾನೆ. ಸತ್ಯ ಹೇಳಿ ಸಾಕ್ರಟೀಸ್ ಪಟ್ಟ ಪಾಡನ್ನು ನೆನೆದು, ಅಂಥದೇ ಒಂದು ಭಯ ಬ್ರಹ್ಮಗುಪ್ತನ ಆತ್ಮಸಾಕ್ಷಿಯ ಬಾಯಿ ಕಟ್ಟಿಸಿರಬೇಕು ಎಂದು ಊಹಿಸುತ್ತಾನೆ. ಈ ಊಹೆಯನ್ನು ಒಪ್ಪಬಹುದು, ಬಿಡಬಹುದು. ಆದರೆ ಬಿರೂನಿ ತೋರಿಸಿದ ಜಾಗ ಸರಿಯಾಗಿದೆ. ತೊಂದರೆ ಇರುವುದು ಬ್ರಹ್ಮಗುಪ್ತನ ಭಕ್ತಿಯಲ್ಲಲ್ಲ, ತಿಳಿದದ್ದನ್ನು ಆಡದಂತೆ ಮಾಡುವ ಭಯದಲ್ಲಿ.

ಬಿರೂನಿಯ ಮತದಲ್ಲೂ ಇದಕ್ಕೆ ಹೊಂದುವ ಘಟನೆ ಇದೆ. ಪ್ರವಾದಿ ಮಹಮದರ ಎಳೆಯ ಮಗ ಇಬ್ರಾಹಿಂ ತೀರಿಕೊಂಡ ದಿನ ಮದೀನದಲ್ಲಿ ಸೂರ್ಯಗ್ರಹಣವಾಯಿತು. ಇತಿಹಾಸಕಾರರು ಅದನ್ನು 632ರ ಜನವರಿ 27ರ ಗ್ರಹಣವೆಂದು ಗುರುತಿಸುತ್ತಾರೆ. ಮಗುವಿನ ಸಾವಿಗೆ ಸೂರ್ಯನೇ ಮಂಕಾದ ಎಂದು ಜನ ಮಾತಾಡಿಕೊಂಡರು. ಯಾರ ಹುಟ್ಟಿಗೂ ಸಾವಿಗೂ ಗ್ರಹಣವಾಗುವುದಿಲ್ಲ, ಗ್ರಹಣ ಕಂಡಾಗ ಪ್ರಾರ್ಥಿಸಿ ಎಂದು ಪ್ರವಾದಿ ತಿದ್ದಿದರೆಂದು ಹದೀಸ್ ಹೇಳುತ್ತದೆ. ಅದಕ್ಕೆ ನಾಲ್ಕು ವರ್ಷ ಮೊದಲಷ್ಟೇ ಭಾರತದಲ್ಲಿ ಬ್ರಹ್ಮಗುಪ್ತ ತನ್ನ ಗ್ರಂಥ ಮುಗಿಸಿದ್ದ.

ಕೇಳುಗರೇ, ಈ ಕಥೆಯ ಅತ್ಯಂತ ಸೊಗಸಾದ ಭಾಗ ಕೇರಳದ್ದು. ನಿಳಾ ನದಿಯ ದಡದಲ್ಲಿದ್ದ ಪರಮೇಶ್ವರ 1393ರಿಂದ ಸುಮಾರು 40 ವರ್ಷ ಗ್ರಹಣಗಳನ್ನು ಕಾದು ನೋಡಿ, ಗ್ರಂಥದ ಲೆಕ್ಕ ಆಕಾಶಕ್ಕೆ ಹೊಂದುತ್ತಿಲ್ಲವೆಂದು ಕಂಡು, 1431ರಲ್ಲಿ ‘ದೃಗ್ಗಣಿತ’ ಎಂಬ ತಿದ್ದಿದ ಪದ್ಧತಿ ಕೊಟ್ಟ. ಅವನ ಪರಂಪರೆಯಲ್ಲೇ ಬಂದವನು ನೀಲಕಂಠ ಸೋಮಯಾಜಿ. ಹೆಸರೇ ಹೇಳುವಂತೆ ಸೋಮಯಾಗ ಮಾಡಿದ ಕರ್ಮಠ. ಅವನು 1504ರ ಸುಮಾರಿಗೆ ಬರೆದ ‘ಜ್ಯೋತಿರ್ಮೀಮಾಂಸೆ’ಯಲ್ಲಿ ಒಂದು ಸಂದೇಹವನ್ನು ಎತ್ತಿಕೊಳ್ಳುತ್ತಾನೆ. ಬ್ರಹ್ಮದೇವರ ಅನುಗ್ರಹದಿಂದ ಆರ್ಯಭಟನಿಗೆ ಶಾಸ್ತ್ರ ಸಿಕ್ಕಿತು ಎನ್ನುತ್ತಾರಲ್ಲ, ಹಾಗಿದ್ದರೆ ಅದನ್ನು ಪರೀಕ್ಷಿಸುವುದು ಯಾಕೆ? ನೀಲಕಂಠನ ಉತ್ತರ ಖಚಿತ. ದೇವರ ಅನುಗ್ರಹವೆಂದರೆ ಬುದ್ಧಿ ತಿಳಿಯಾಗುವುದು ಅಷ್ಟೇ. ಬ್ರಹ್ಮನೋ ಸೂರ್ಯನೋ ಇಳಿದು ಬಂದು ಪಾಠ ಹೇಳುವುದಿಲ್ಲ. ಗ್ರಹಣ ತಪ್ಪಿದರೆ ಅಳೆದು ನೋಡಿ ಲೆಕ್ಕ ತಿದ್ದಬೇಕು. ಇದು ನಾಸ್ತಿಕನ ಮಾತಲ್ಲ ಎಂಬುದನ್ನು ಮರೆಯಬಾರದು. ಶ್ರದ್ಧೆ ಮತ್ತು ಪರೀಕ್ಷೆ ಒಂದೇ ಮನೆಯಲ್ಲಿ ಇರಬಹುದೆಂಬುದಕ್ಕೆ ಇದಕ್ಕಿಂತ ಬಲವಾದ ಸಾಕ್ಷಿ ಬೇಕಿಲ್ಲ.

1868ರ ಆಗಸ್ಟ್ 18ರ ಖಗ್ರಾಸ ಗ್ರಹಣಕ್ಕೆ ಯುರೋಪಿನ ವಿಜ್ಞಾನಿಗಳು ಭಾರತಕ್ಕೆ ಬಂದರು. ಗುಂಟೂರಿನಲ್ಲಿ ಫ್ರಾನ್ಸಿನ ಜಾನ್ಸೆನ್, ನಮ್ಮ ಜಮಖಂಡಿಯಲ್ಲಿ ಲೆಫ್ಟಿನೆಂಟ್ ಜಾನ್ ಹರ್ಷೆಲ್ ದೂರದರ್ಶಕ ಹೂಡಿದರು. ಜಮಖಂಡಿಯಲ್ಲಿ ಮೋಡ ಕಾಡಿತು. ಸಿಕ್ಕ ಸಂದಿನಲ್ಲೇ ಹರ್ಷೆಲ್ ಸೂರ್ಯನ ಜ್ವಾಲೆಗಳ ಬಣ್ಣದ ಗೆರೆಗಳನ್ನು ಕಂಡ. ಆ ವರ್ಷ ಸೂರ್ಯನ ಬೆಳಕಿನಲ್ಲಿ ಕಂಡ ಹಳದಿ ಗೆರೆಯೇ ಹೀಲಿಯಂ ಎಂಬ ಹೊಸ ಧಾತುವಿನ ಸುಳಿವು. ಅದೇ ಗ್ರಹಣವನ್ನು ವನಪರ್ತಿಯಲ್ಲಿ ನೋಡಿದವರು ಮದರಾಸು ವೀಕ್ಷಣಾಲಯದ ಚಿಂತಾಮಣಿ ರಘುನಾಥಾಚಾರಿ. ಪಂಚಾಂಗ ಬರೆಯುವ ಮನೆತನದವರು, ಮನೆಯಲ್ಲಿ ಸಂಪ್ರದಾಯಸ್ಥರು, ಕೆಲಸದಲ್ಲಿ ದೂರದರ್ಶಕದ ಮುಂದೆ. 1874ರ ಶುಕ್ರಸಂಕ್ರಮದ ಬಗ್ಗೆ ಜನರಿಗಾಗಿ ಹಲವು ಭಾಷೆಗಳಲ್ಲಿ ಪುಸ್ತಿಕೆ ತಂದರು, ಕಣ್ಣಿಗೆ ಕಂಡದ್ದಕ್ಕೆ ಹೊಂದುವ ದೃಗ್ಗಣಿತ ಪಂಚಾಂಗಕ್ಕಾಗಿ ಪಂಡಿತರೊಡನೆ ವಾದಿಸಿದರು. ನರಗುಂದದಲ್ಲಿ ಹುಟ್ಟಿ ಬಾಗಲಕೋಟೆಯಲ್ಲಿ ಮೇಷ್ಟ್ರಾಗಿದ್ದ ವೆಂಕಟೇಶ ಬಾಪೂಜಿ ಕೇತಕರ್ ಅದೇ ಹಾದಿಯಲ್ಲಿ ಪಾಶ್ಚಾತ್ಯ ಖಗೋಳಗಣಿತವನ್ನು ಸಂಸ್ಕೃತದ ‘ಜ್ಯೋತಿರ್ಗಣಿತ’ಕ್ಕೆ ಇಳಿಸಿದರು. ತಿಥಿ ತಪ್ಪಿದರೆ ವ್ರತವೂ ತಪ್ಪುತ್ತದೆ; ಹಾಗಾಗಿ ಆಸ್ತಿಕನಿಗೇ ಸರಿಯಾದ ಆಕಾಶ ಹೆಚ್ಚು ಬೇಕು.

ಸ್ವಾತಂತ್ರ್ಯದ ನಂತರ ಸರ್ಕಾರ ಪಂಚಾಂಗ ಸುಧಾರಣೆಗೆ 1952ರಲ್ಲಿ ಸಮಿತಿ ಮಾಡಿ ಭೌತವಿಜ್ಞಾನಿ ಮೇಘನಾದ ಸಹಾ ಅವರನ್ನು ಅಧ್ಯಕ್ಷರನ್ನಾಗಿಸಿತು. ಸಹಾ ಶಾಸ್ತ್ರಪ್ರಾಮಾಣ್ಯವನ್ನು ಕಟುವಾಗಿ ಟೀಕಿಸಿದವರು. ಹಾಗಿದ್ದೂ ಹಬ್ಬಗಳ ದಿನ ಸರಿಯಾಗಲೆಂದು ಶ್ರಮಿಸಿದರು. ನಿಜವಾದ ಉತ್ತರಾಯಣಕ್ಕೂ ಮಕರ ಸಂಕ್ರಾಂತಿಗೂ ಸುಮಾರು 23 ದಿನಗಳ ಅಂತರ ಬಿದ್ದಿದೆ ಎಂದು ಅವರ ಸಮಿತಿ ತೋರಿಸಿತು. 1957ರ ಮಾರ್ಚ್ 22ರಿಂದ ರಾಷ್ಟ್ರೀಯ ಪಂಚಾಂಗ ಜಾರಿಗೆ ಬಂತು. ಸಂಕ್ರಾಂತಿ ಮಾತ್ರ ಇನ್ನೂ ಜನವರಿ ನಡುವಿನಲ್ಲೇ ಇದೆ, ಜನ ಎಳ್ಳುಬೆಲ್ಲ ಹಂಚುತ್ತಲೇ ಇದ್ದಾರೆ. ಅದರಿಂದ ಯಾರಿಗೂ ಕೇಡಿಲ್ಲ.

ಕೇಡು ಇರುವುದು ಬೇರೆ ಕಡೆ. ಗ್ರಹಣ ಹಿಡಿದಾಗ ಹಾಲು, ಉಪ್ಪಿನಕಾಯಿಗೆ ದರ್ಭೆ ಹಾಕುವುದು, ಬಿಟ್ಟ ಮೇಲೆ ತಲೆಗೆ ಸ್ನಾನ ಮಾಡುವುದು ಮನೆಯ ಆಚಾರ. ನಮ್ಮ ಹಳ್ಳಿಗಳಲ್ಲಿ ತಾಟಿನ ನೀರಿನಲ್ಲಿ ಒನಕೆ ನಿಲ್ಲಿಸಿ, ಅದು ನಿಂತಿರುವಷ್ಟು ಹೊತ್ತು ಗ್ರಹಣ ಎನ್ನುತ್ತಾರೆ. ತಳ ಸಮವಾಗಿದ್ದರೆ ಒನಕೆ ಯಾವ ದಿನವೂ ನಿಲ್ಲುತ್ತದೆ, ಮಕ್ಕಳ ಜೊತೆ ಇನ್ನೊಂದು ದಿನ ನಿಲ್ಲಿಸಿ ನೋಡಿದರೆ ಆಯಿತು. ಆದರೆ ಬಸುರಿ ಹೆಣ್ಣುಮಗಳನ್ನು ಗಂಟೆಗಟ್ಟಲೆ ಅನ್ನ ನೀರು ಕೊಡದೆ ಕತ್ತಲ ಕೋಣೆಯಲ್ಲಿ ಕೂರಿಸುವುದು ಆಚಾರವಲ್ಲ, ಹಿಂಸೆ. 2019ರ ಡಿಸೆಂಬರ್ 26ರ ಕಂಕಣ ಗ್ರಹಣದ ದಿನ ಕಲಬುರಗಿ ಸಮೀಪದ ತಾಜಸುಲ್ತಾನಪುರದಲ್ಲಿ ಅಂಗವೈಕಲ್ಯ ವಾಸಿಯಾಗಲೆಂದು ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತಿದ್ದರು. ಅದೇ ಹೊತ್ತಿಗೆ ಕೊಡಗಿನ ಬಯಲಲ್ಲಿ ಬೇರೆ ಮಕ್ಕಳು ಕನ್ನಡಕ ಹಾಕಿಕೊಂಡು ಸೂರ್ಯನ ಉಂಗುರ ನೋಡುತ್ತಿದ್ದರು. ಹೂಳಿಸಿಕೊಂಡ ಮಕ್ಕಳಿಗೆ ಅನ್ಯಾಯ ಮಾಡಿದ್ದು ರಾಹುವಲ್ಲ, ದೇವರೂ ಅಲ್ಲ. ಆಕಾಶದ ಸಂಗತಿಯಲ್ಲಿ ಗಣಿತಕ್ಕೆ ಕೊಟ್ಟಿದ್ದ ಅಧಿಕಾರವನ್ನು ಮತ್ತೆ ಕಿತ್ತುಕೊಂಡ ಭಯ.

2031ರ ಮೇ 21ರಂದು ಇನ್ನೊಂದು ಕಂಕಣ ಗ್ರಹಣ ಕೇರಳ, ತಮಿಳುನಾಡುಗಳ ಮೇಲೆ ಹಾದುಹೋಗಲಿದೆ. ಕರ್ನಾಟಕಕ್ಕೂ ಖಂಡಗ್ರಾಸವಾಗಿ ಕಾಣುತ್ತದೆ. ಅಂದು ಜಪಕ್ಕೆ ಕೂರುವವರು ಕೂರಲಿ, ದಾನ ಕೊಡುವವರು ಕೊಡಲಿ. ಮನೆಯ ಮಕ್ಕಳಿಗೆ ಮಾತ್ರ ಪ್ರಮಾಣಿತ ಗ್ರಹಣ ಕನ್ನಡಕವನ್ನು ಈಗಲೇ ಲೆಕ್ಕಕ್ಕೆ ಹಾಕಿಕೊಳ್ಳಿ. ಬರಿಗಣ್ಣಿನಿಂದಾಗಲಿ, ಎಕ್ಸ್‌ರೇ ಹಾಳೆಯಿಂದಾಗಲಿ ಸೂರ್ಯನನ್ನು ನೋಡಬೇಡಿ. ಕನ್ನಡಕ ಸಿಗದಿದ್ದರೆ ರಟ್ಟಿಗೆ ಸೂಜಿಯಲ್ಲಿ ತೂತು ಮಾಡಿ, ಅದರ ಮೂಲಕ ನೆಲದ ಮೇಲೆ ಬೀಳುವ ಸೂರ್ಯಬಿಂಬವನ್ನು ತೋರಿಸಿ. ಮನೆಯಲ್ಲಿ ಬಸುರಿಯಿದ್ದರೆ ಅವಳಿಗೆ ಹೊತ್ತಿಗೆ ಸರಿಯಾಗಿ ಊಟ ಕೊಡಿ.