ಬಾವುಟ ನೆಟ್ಟ ನೆಲ



ಮದ್ದೂರಿನವರ ಮುಂದೆ ಶಿವಪುರದ ಕಥೆ ಹೇಳುವುದು ಮೊಮ್ಮಗ ಅಜ್ಜಿಗೆ ಕೆಮ್ಮು ಕಲಿಸಿದ ಹಾಗೆ. 1938ರ ಏಪ್ರಿಲ್‌ನಲ್ಲಿ ನಿಷೇಧಾಜ್ಞೆಯನ್ನು ಲೆಕ್ಕಿಸದೆ ಟಿ. ಸಿದ್ದಲಿಂಗಯ್ಯನವರ ಮುಂದಾಳತ್ವದಲ್ಲಿ ಅಲ್ಲಿ ಬಾವುಟ ಏರಿತು. ಇಷ್ಟನ್ನು ಶಾಲೆಯ ಮಕ್ಕಳೂ ಒಪ್ಪಿಸುತ್ತಾರೆ. ಅವರು ಒಪ್ಪಿಸದೆ ಬಿಡುವ ಸಂಗತಿ ಬೇರೆ: 1947ರ ಆಗಸ್ಟ್ 15ರಂದು ಅರಸರ ಆಳ್ವಿಕೆಯಲ್ಲಿದ್ದ ನಮ್ಮ ಮೈಸೂರು ಸೀಮೆಗೆ ಜವಾಬ್ದಾರಿ ಸರ್ಕಾರ ಬಂದಿರಲಿಲ್ಲ. ಅದಕ್ಕಾಗಿ ‘ಮೈಸೂರು ಚಲೋ’ ಚಳವಳಿ ನಡೆದು ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಬರುವ ಹೊತ್ತಿಗೆ ಅಕ್ಟೋಬರ್ ಮುಗಿಯುತ್ತ ಬಂದಿತ್ತು. ಸ್ವಾತಂತ್ರ್ಯದ ಹಬ್ಬ ಎಲ್ಲರ ಮನೆಗೂ ಒಂದೇ ದಿನ ಬರುವುದಿಲ್ಲ. 

ಈ ಮಾತು ದೂರದ ನ್ಯೂಜಿಲೆಂಡಿಗೂ ಸಲ್ಲುತ್ತದೆ. ಅಲ್ಲಿನ ರಾಷ್ಟ್ರೀಯ ದಿನ ಫೆಬ್ರವರಿ 6. 1840ರಲ್ಲಿ ಅಂದು ವೈತಾಂಗಿಯಲ್ಲಿ ಅಲ್ಲಿನ ಮೂಲನಿವಾಸಿಗಳಾದ ಮಾವೋರಿಗಳ ಮುಖಂಡರು ಬ್ರಿಟಿಷ್ ರಾಣಿಯ ಪ್ರತಿನಿಧಿಯೊಡನೆ ಒಪ್ಪಂದ ಮಾಡಿಕೊಂಡರು. ಒಪ್ಪಂದ ಒಂದೇ, ಪಾಠ ಎರಡು. ಇಂಗ್ಲಿಷಿನಲ್ಲಿ ಬರೆದದ್ದು ಸಾರ್ವಭೌಮತ್ವವನ್ನೇ ಒಪ್ಪಿಸಿದ್ದೇವೆ ಎಂದು. ಮಾವೋರಿ ನುಡಿಯಲ್ಲಿ ಬರೆದದ್ದು ಆಡಳಿತ ನಡೆಸಿಕೊಳ್ಳಿ, ನೆಲದ ಮೇಲಿನ ಒಡೆತನ ನಮ್ಮದೇ ಎಂಬರ್ಥದಲ್ಲಿ. ಅಲ್ಲಿಂದ ಮುಂದೆ ನೆಲ ಹೋದದ್ದು ಯುದ್ಧದಿಂದ, ಜಪ್ತಿಯಿಂದ. ಅದಕ್ಕಿಂತ ಸದ್ದಿಲ್ಲದೆ, ಕಾಗದದಿಂದ. ಇಡೀ ಕುಲದ ಭೂಮಿಗೆ 1865ರ ಕಾನೂನು ಹೆಚ್ಚೆಂದರೆ ಹತ್ತು ಹೆಸರಿನ ಹಕ್ಕುಪತ್ರ ಮಾಡಿಕೊಟ್ಟಿತು. ಹತ್ತು ಜನರನ್ನು ಸಾಲಕ್ಕೆ ಕೆಡವಿದರೆ ಸಾಕು, ಕುಲದ ನೆಲ ಮಾರಾಟಕ್ಕೆ ಬಂತು.

ಇದು ನಮಗೆ ಪರಿಚಯವಿಲ್ಲದ ಕಥೆಯೇ? ದರಖಾಸ್ತಿನಲ್ಲಿ ಸರ್ಕಾರದಿಂದ ಪರಿಶಿಷ್ಟರಿಗೆ ಸಿಕ್ಕ ಜಮೀನು ನೆನೆಯಿರಿ. ಪರಭಾರೆ ಮಾಡಕೂಡದೆಂದು ಸಾಗುವಳಿ ಚೀಟಿಯಲ್ಲೇ ಷರತ್ತು. ಆದರೂ ಮದುವೆ, ಕಾಯಿಲೆ, ಬರಗಾಲ ಬಂದಾಗ ಹೆಬ್ಬೆಟ್ಟು ಒತ್ತಿದರು. ಒಂದು ವ್ಯತ್ಯಾಸ ಮುಚ್ಚಿಡಬಾರದು: ಇಲ್ಲಿ ಬರೆಸಿಕೊಂಡವನು ಬಿಳಿಯನಲ್ಲ, ಪಕ್ಕದ ಬೀದಿಯವನು. ಬಾವುಟಕ್ಕೆ ಕೈಮುಗಿಯುವವನೇ. ಹಾಗಾಗಿಯೇ ಇದು ನಮ್ಮ ಆಗಸ್ಟ್ ಭಾಷಣಗಳಲ್ಲಿ ಬರುವುದಿಲ್ಲ.

ಎರಡೂ ದೇಶಗಳು ಹೆಚ್ಚು ಕಡಿಮೆ ಒಂದೇ ಕಾಲಕ್ಕೆ ಎಚ್ಚೆತ್ತವು. 1975ರಲ್ಲಿ ವಿನಾ ಕೂಪರ್ ಎಂಬ ಎಂಬತ್ತರ ಹತ್ತಿರದ ಮುದುಕಿ, ಇನ್ನೊಂದು ಎಕರೆಯೂ ಹೋಗಕೂಡದೆಂದು ನ್ಯೂಜಿಲೆಂಡಿನ ಉತ್ತರ ದ್ವೀಪದ ಬಡಗು ತುದಿಯಿಂದ ವೆಲಿಂಗ್ಟನ್ನಿನ ಸಂಸತ್ತಿನವರೆಗೆ ಜನರನ್ನು ನಡೆಸಿದರು. ಅದೇ ವರ್ಷ ವೈತಾಂಗಿ ನ್ಯಾಯಮಂಡಳಿಯೂ ಹುಟ್ಟಿತು. ಆದರೆ ಹಿಂದಿನದನ್ನು ಕೇಳುವ ಅಧಿಕಾರ ಅದಕ್ಕಿರಲಿಲ್ಲ. 1840ರವರೆಗೆ ಹಿಂದಕ್ಕೆ ಹೋಗಲು 1985 ಬರಬೇಕಾಯಿತು. ಪರಿಶಿಷ್ಟರಿಗೆ ಮಂಜೂರಾದ ಜಮೀನಿನ ಪರಭಾರೆ ತಡೆಯುವ ನಮ್ಮ ಕರ್ನಾಟಕದ 1978ರ ಕಾಯ್ದೆ, ಜನರ ಬಾಯಲ್ಲಿ ಪಿಟಿಸಿಎಲ್, ಆ ವಿಷಯದಲ್ಲಿ ಧೈರ್ಯದ್ದು. ಷರತ್ತು ಮುರಿದ ಹಳೆಯ ಕ್ರಯವೂ ಅಸಿಂಧು ಎಂದಿತು. ಮಂಡ್ಯ, ಮದ್ದೂರು, ಮಳವಳ್ಳಿಯ ಅರ್ಜಿಗಳು ಮಂಡ್ಯದ ಉಪವಿಭಾಗಾಧಿಕಾರಿಯ ಮುಂದೆ ಬರತೊಡಗಿದವು.

ಆಮೇಲೆ ಗಡಿಯಾರದ ಜಗಳ. 2017ರಲ್ಲಿ ಸುಪ್ರೀಂ ಕೋರ್ಟು, ಸಮಂಜಸ ಕಾಲದೊಳಗೆ ಬರಬೇಕಿತ್ತು ಎಂದು ಇಪ್ಪತ್ತು ವರ್ಷ ಮೀರಿ ಬಂದ ಇಂಥ ಒಂದು ಅರ್ಜಿಯನ್ನು ತಳ್ಳಿಹಾಕಿತು. ಅದೇ ಮಾತು ಹಿಡಿದು ಎಷ್ಟೋ ಅರ್ಜಿ ಬಿದ್ದವು. 2023ರಲ್ಲಿ ನಮ್ಮ ಶಾಸನಸಭೆ ಕಾಲಮಿತಿಯೇ ಇಲ್ಲವೆಂದು ತಿದ್ದುಪಡಿ ತಂದಿತು. ನ್ಯೂಜಿಲೆಂಡ್ ಮಾತ್ರ 2008ರ ಸೆಪ್ಟೆಂಬರ್‌ಗೆ ಹಳೆಯ ದೂರುಗಳ ಬಾಗಿಲು ಹಾಕಿಕೊಂಡಿದೆ. ದುಡ್ಡು ಕೊಟ್ಟು, ಬಾವಿ ತೋಡಿ, ಎರಡು ತಲೆಮಾರು ದುಡಿದ ಕೊಂಡವನ ಸಂಕಟ ಸುಳ್ಳಲ್ಲ. ಆದರೂ ತಡವಾಯಿತೆಂದು ಹೇಳುವ ಹಕ್ಕು ತಡಮಾಡಿಸಿದವರಿಗೆ ಇರಬಾರದು ಎಂಬುದು ನನ್ನ ನಿಲುವು.

ಈ ನಿಲುವು ನನಗೂ ತಡವಾಗಿ ಬಂದದ್ದು. ಆ ತಿದ್ದುಪಡಿಗೆ ಮೊದಲು, ವಕೀಲಿಕೆ ಮಾಡುತ್ತಿದ್ದಾಗ, ಮಳವಳ್ಳಿ ಕಡೆಯ ಹೆಣ್ಣುಮಗಳೊಬ್ಬಳು ಪ್ಲಾಸ್ಟಿಕ್ ಕವರಿನಲ್ಲಿ ಸಾಗುವಳಿ ಚೀಟಿ ಸುತ್ತಿಕೊಂಡು ಬಂದಿದ್ದಳು. “ನಮ್ಮತ್ತೆ ಒತ್ತಿದ್ದು ಭೋಗ್ಯದ ಪತ್ರ ಅಂತ ಸ್ವಾಮಿ, ಅವ್ರು ಬರ್ಕಂಡಿರದು ಕ್ರಯ. ಈಗ ಅರ್ಜಿ ಹಾಕಬೌದಾ, ಹೊತ್ತಾಗೋಯ್ತಾ?”

ಹೊತ್ತಾಯಿತಮ್ಮ ಎಂದೇ ಹೇಳಿ ಕಳಿಸಿದ್ದೆ.