ಮಂದ ಬೆಳಕಿನಲ್ಲಿ ಮಲ್ಲಕಂಬ



ಹನ್ನೂರಿನ ನಮ್ಮ ಸಭಾಗೃಹದಲ್ಲಿ ಕಳೆದ ವರ್ಷ ಮಲ್ಲಕಂಬದ ಪ್ರದರ್ಶನ ಜರುಗಿದಾಗ, ಹೊಸ ಕ್ಯಾಮೆರಾದಿಂದ ನಾವು ತೆಗೆದ ಚಿತ್ರಗಳಲ್ಲಿ ಕಂಬವು ಸ್ಪಷ್ಟವಾಗಿತ್ತು. ಮಕ್ಕಳು ಮಾತ್ರ ಮಸುಕಾಗಿದ್ದರು. ಮಗನ ಮುಖವನ್ನು ಹುಡುಕಿದ ತಾಯಿಯೊಬ್ಬರಿಗೆ ಉತ್ತರವೀಯಲಾರದೆ ನಾವು ತಲೆತಗ್ಗಿಸಿದೆವು.

ದೋಷವು ಕ್ಯಾಮೆರಾದ್ದಲ್ಲ, ನಮ್ಮದು. ಬೆಳಕು ಸಾಲದಾದಾಗ ಅದು ಷಟರನ್ನು ತಾನಾಗಿ ಹೆಚ್ಚು ಹೊತ್ತು ತೆರೆದಿಡುತ್ತದೆ. 1/30 ಸೆಕೆಂಡಿನಲ್ಲಿಯೇ ಹುಡುಗನು ಸರಿದುಬಿಡುತ್ತಾನೆ. ಷಟರನ್ನು 1/500ಕ್ಕೆ ಇಟ್ಟು, ಲೆನ್ಸಿನ ರಂಧ್ರವನ್ನು ಪೂರ್ತಿ ತೆರೆದು, ಐಎಸ್‌ಒ 3200ಕ್ಕೆ ಏರಿಸಬೇಕು. ಚಿತ್ರವು ತುಸು ಒರಟಾದರೂ ಮುಖವು ಉಳಿಯುವುದು. ಫ್ಲ್ಯಾಶ್ ಸರ್ವಥಾ ಬೇಡ; ಕಂಬದ ತುದಿಯಲ್ಲಿರುವ ಮಗುವಿನ ಕಣ್ಣು ಕೋರೈಸಿದರೆ ಅಪಾಯ. ಆಸನವು ಸ್ಥಿರಗೊಳ್ಳುವ ಕ್ಷಣವನ್ನು ಕಾಯಬೇಕು. ಆ ಕ್ಷಣವನ್ನು ನಮಗೆ ಕಲಿಸಿದವರು ಆಟವಾಡುವ ಮಕ್ಕಳೇ.

ಈ ವರ್ಷ ಆ ತಾಯಿಯ ಕೈಗೆ ಮಗನ ಚಿತ್ರವನ್ನು ಇತ್ತಿದ್ದೇವೆ.