ಬಣ್ಣದ ಕೋಣೆ



ಹಿತ್ತಲಿಗೆ ತೆರೆದ ನಮ್ಮ ಬೇಸ್‌ಮೆಂಟಿನಲ್ಲಿ ಚಿತ್ರ ಬರೆಯಲು ಒಂದು ಕೋಣೆ ಮಾಡಿಕೊಂಡೆವು. ಉತ್ತರದ ಕಿಟಕಿಯ ಬಳಿ ಈಸೆಲ್. ಅಲ್ಲಿ ನೇರ ಬಿಸಿಲಿಲ್ಲದ ಸಮನಾದ ಬೆಳಕು. ಕುಂಚಗಳು ಉಪ್ಪಿನಕಾಯಿ ಬಾಟಲಿಗಳಲ್ಲಿ ತಲೆಯೆತ್ತಿ ನಿಂತವು.

ಒಂದು ರಾತ್ರಿ ಮೂಲೆಯಲ್ಲಿ ಮುದ್ದೆಯಾಗಿ ಬಿದ್ದಿದ್ದ ಎಣ್ಣೆಬಟ್ಟೆ ಮುಟ್ಟಿದರೆ, ಜ್ವರದ ಹಣೆಯಂತೆ ಬಿಸಿ! ಅಗಸೆ ಎಣ್ಣೆ ಒಣಗುವಾಗ ಗಾಳಿಯ ಆಮ್ಲಜನಕದೊಡನೆ ಸೇರಿ ಶಾಖ ಹುಟ್ಟಿಸುತ್ತದೆ. ಬಟ್ಟೆ ಮುದ್ದೆಯಾಗಿದ್ದರೆ ಕಡ್ಡಿ ಗೀರದೆಯೇ ಹೊತ್ತಿಕೊಳ್ಳಬಹುದು. ಮೇಲೆ ಮಕ್ಕಳು ಮಲಗಿದ್ದರು. ಆಸ್ಪತ್ರೆಯಲ್ಲಿ ಸುಟ್ಟಗಾಯ ಕಂಡ ವೈದ್ಯರಾದ ನಾವೇ ಮನೆಯಲ್ಲಿ ಮೈಮರೆತಿದ್ದೆವು.

ಈಗ ಎಣ್ಣೆಬಟ್ಟೆ ನೀರು ತುಂಬಿದ, ಮುಚ್ಚಳವಿರುವ ಲೋಹದ ಡಬ್ಬಿಗೆ, ಟರ್ಪೆಂಟೈನ್ ಬೀಗದೊಳಗೆ, ಮಕ್ಕಳಿಗೆ ನೀರಿನ ಬಣ್ಣ ಮಾತ್ರ. ನಿಮ್ಮ ಮನೆಯಲ್ಲೂ ಬಣ್ಣದ ಕೋಣೆಯಾಗಲಿ. ಈಸೆಲ್‌ಗಿಂತ ಮೊದಲು ಆ ಡಬ್ಬಿ ಬರಲಿ.